ಹಳೆಯ ಕ್ಷೌರ ಸಾಧನಗಳ ಸಂಗ್ರಹ ಮತ್ತು ದುರಸ್ತಿ

ಹಳೆಯ ಕ್ಷೌರ ಸಾಧನಗಳ ಸಂಗ್ರಹ ಎಂಬುದು ಸೋಪಿನ ನೊರೆ ಹಚ್ಚಿ ಮಾಡಿಕೊಳ್ಳುವ ಕ್ಷೌರಕ್ಕೆ ಹಿಂದೆ ಬಳಕೆಯಲ್ಲಿದ್ದ ಮಡಚುವ ಕ್ಷೌರಕತ್ತಿ, ಸೇಫ್ಟಿ ರೇಜರ್, ಬ್ರಷ್, ಸಾಣೆಕಲ್ಲು, ಚರ್ಮದ ಪಟ್ಟಿ ಮೊದಲಾದ ವಸ್ತುಗಳನ್ನು ಹುಡುಕಿ, ಅವುಗಳ ಕಾಲವನ್ನು ಗುರುತಿಸಿ, ಕಾಪಾಡುವ ಹವ್ಯಾಸವಾಗಿದೆ. ನಾಣ್ಯ ಅಥವಾ ಅಂಚೆಚೀಟಿಗಳ ಸಂಗ್ರಹಕ್ಕಿಂತ ಇದು ಒಂದು ವಿಷಯದಲ್ಲಿ ಭಿನ್ನವಾಗಿದೆ. ಇಲ್ಲಿ ಸಂಗ್ರಹಿಸಿದ ವಸ್ತುವನ್ನು ದುರಸ್ತಿ ಮಾಡಿ ಮತ್ತೆ ದಿನನಿತ್ಯ ಬಳಸಬಹುದು. ಆದ್ದರಿಂದ ಯಾವುದನ್ನು ಇದ್ದಂತೆಯೇ ಉಳಿಸಬೇಕು, ಯಾವುದನ್ನು ಬಳಕೆಗೆ ಸಿದ್ಧಗೊಳಿಸಬೇಕು ಎಂಬುದು ಈ ಹವ್ಯಾಸದ ಮುಖ್ಯ ಪ್ರಶ್ನೆಯಾಗಿದೆ. ಉಜ್ಜಿ ತೆಗೆದ ಲೇಪನವಾಗಲಿ, ಅಳಿಸಿಹೋದ ತಯಾರಕರ ಮುದ್ರೆಯಾಗಲಿ ಮರಳಿ ಬರುವುದಿಲ್ಲ. ಕೆಲವು ಹಳೆಯ ಬ್ರಷ್‌ಗಳು ಆರೋಗ್ಯಕ್ಕೆ ಅಪಾಯಕಾರಿಯೂ ಆಗಬಲ್ಲವು.

ಇತಿಹಾಸ

ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಯುರೋಪಿನ ಕ್ಷೌರಕತ್ತಿಗಳ ತಯಾರಿಕೆಗೆ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಮತ್ತು ಫ್ರಾನ್ಸಿನ ತಿಯೇರ್ ನಗರಗಳು ಹೆಸರಾಗಿದ್ದವು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಪಿಸಿದ ಮೂಸೆ ಉಕ್ಕಿನ ತಯಾರಿಕಾ ವಿಧಾನವು ಶೆಫೀಲ್ಡಿನ ಅಲಗುಗಳ ಗುಣಮಟ್ಟಕ್ಕೆ ಆಧಾರವಾಯಿತು.

ಚರ್ಮಕ್ಕೆ ಗಾಯವಾಗದಂತೆ ಅಲಗಿಗೆ ತಡೆ ಕೊಡುವ ಪ್ರಯತ್ನವನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಚೂರಿ ತಯಾರಕ ಜಾನ್ ಜಾಕ್ ಪೆರೆ ಮಾಡಿದನು. 1847ರಲ್ಲಿ ವಿಲಿಯಂ ಹೆನ್ಸನ್ ಎಂಬಾತ ಹಿಡಿಗೆ ಅಡ್ಡಲಾಗಿ ಅಲಗನ್ನು ಜೋಡಿಸಿದ, ಗುದ್ದಲಿಯನ್ನು ಹೋಲುವ ರೇಜರಿಗೆ ಪೇಟೆಂಟ್ ಪಡೆದನು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ತಮ್ಮ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದರು. ಈ ರೇಜರುಗಳ ಅಲಗನ್ನು ಆಗಾಗ ಹೊರತೆಗೆದು ಮಸೆಯಬೇಕಾಗಿತ್ತು.

ಮಸೆಯುವ ಅಗತ್ಯವನ್ನೇ ಇಲ್ಲವಾಗಿಸಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಬಳಸಿ ಎಸೆಯಬಹುದಾದ ತೆಳು ಬ್ಲೇಡಿನ ಕಲ್ಪನೆ ಅವನಿಗೆ 1895ರಲ್ಲಿ ಹೊಳೆಯಿತು. ಆದರೆ ತೆಳ್ಳನೆಯ ಉಕ್ಕಿನ ತಗಡನ್ನು ಡೊಂಕಾಗದಂತೆ ಗಡುಸುಗೊಳಿಸಿ ಹರಿತ ಮಾಡುವುದು ಕಷ್ಟವಾಗಿತ್ತು. ವಿಲಿಯಂ ನಿಕರ್ಸನ್ ಎಂಬ ಯಂತ್ರತಜ್ಞ ಈ ತೊಡಕನ್ನು ಪರಿಹರಿಸಿದನು. 1901ರಲ್ಲಿ ಕಂಪನಿ ಸ್ಥಾಪನೆಯಾಗಿ 1903ರಲ್ಲಿ ಮಾರಾಟ ಆರಂಭವಾಯಿತು. ಆ ವರ್ಷ ಮಾರಾಟವಾದದ್ದು 51 ರೇಜರುಗಳು ಮತ್ತು 168 ಬ್ಲೇಡುಗಳು ಮಾತ್ರ. 1904ರಲ್ಲಿ ಪೇಟೆಂಟ್ ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರವು ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡಿದ್ದರಿಂದ ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವ ರೂಢಿ ವ್ಯಾಪಕವಾಯಿತು. 1921ರಲ್ಲಿ ಪೇಟೆಂಟಿನ ಅವಧಿ ಮುಗಿದ ಬಳಿಕ ಅನೇಕ ತಯಾರಕರು ಅದೇ ಮಾದರಿಯ ರೇಜರುಗಳನ್ನು ಮಾರುಕಟ್ಟೆಗೆ ತಂದರು.

1971ರಲ್ಲಿ ಎರಡು ಅಲಗುಗಳ ಕಾರ್ಟ್ರಿಜ್ ರೇಜರ್, ಅನಂತರ ಪೂರ್ತಿಯಾಗಿ ಎಸೆಯಬಹುದಾದ ಪ್ಲಾಸ್ಟಿಕ್ ರೇಜರ್ ಬಂದ ಮೇಲೆ ಲೋಹದ ಸೇಫ್ಟಿ ರೇಜರುಗಳ ಬೇಡಿಕೆ ಕುಸಿಯಿತು. ಮನೆಗಳ ಅಟ್ಟ ಸೇರಿದ ಈ ರೇಜರುಗಳೇ ಇಂದಿನ ಸಂಗ್ರಾಹಕರ ಮುಖ್ಯ ಆಕರವಾಗಿವೆ.

ಸಂಗ್ರಹಿಸುವ ಬಗೆಗಳು

ಮಡಚುವ ಕ್ಷೌರಕತ್ತಿ: ಇದರ ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಅಳೆಯುತ್ತಾರೆ. ಹಿಡಿಯ ಪಕ್ಕೆಗಳನ್ನು ಕೊಂಬು, ಮೂಳೆ, ದಂತ, ಕರಿಮರ ಅಥವಾ ಸೆಲ್ಯುಲಾಯ್ಡ್‌ನಿಂದ ಮಾಡಲಾಗುತ್ತಿತ್ತು.

ಮೂರು ಬಿಡಿಭಾಗಗಳ ಸೇಫ್ಟಿ ರೇಜರ್: ಮೇಲ್ಮುಚ್ಚಳ, ಕೆಳತಟ್ಟೆ ಮತ್ತು ಹಿಡಿಗಳನ್ನು ತಿರುಪಿನಿಂದ ಜೋಡಿಸಲಾಗುತ್ತದೆ. ಸವೆಯುವ ಭಾಗಗಳು ಕಡಿಮೆಯಾದ್ದರಿಂದ ಆರಂಭಿಕ ಸಂಗ್ರಾಹಕರಿಗೆ ಇದು ಸುಲಭ.

ತಿರುಗಿಸಿ ತೆರೆಯುವ ರೇಜರ್: ಹಿಡಿಯ ಬುಡವನ್ನು ತಿರುಗಿಸಿದಾಗ ಮೇಲಿನ ಎರಡು ಬಾಗಿಲುಗಳು ತೆರೆದುಕೊಳ್ಳುತ್ತವೆ. 1930ರ ದಶಕದಿಂದ ಈ ಬಗೆ ಪ್ರಚಾರಕ್ಕೆ ಬಂದಿತು. 1958ರಲ್ಲಿ ಬಂದ ಹೊಂದಾಣಿಕೆ ರೇಜರಿನಲ್ಲಿ 1ರಿಂದ 9ರವರೆಗಿನ ಅಂಕಿಗಳ ಮೂಲಕ ಬ್ಲೇಡು ಮತ್ತು ತಡೆಪಟ್ಟಿಯ ನಡುವಣ ಅಂತರವನ್ನು ಹೆಚ್ಚು ಕಡಿಮೆ ಮಾಡಬಹುದಾಗಿತ್ತು.

ಇಂಜೆಕ್ಟರ್ ರೇಜರ್: ಜೇಕಬ್ ಶಿಕ್ 1920ರ ದಶಕದಲ್ಲಿ ರೂಪಿಸಿದ ಬಗೆ. ಬ್ಲೇಡಿಗೆ ಬೆರಳು ತಗಲಿಸದೆ ಡಬ್ಬಿಯಿಂದ ನೇರವಾಗಿ ರೇಜರಿನೊಳಗೆ ತಳ್ಳಲಾಗುತ್ತಿತ್ತು. ಇದರ ಬ್ಲೇಡು ವಿಶಿಷ್ಟವಾದುದರಿಂದ ಕೊಳ್ಳುವ ಮುನ್ನ ಬ್ಲೇಡಿನ ಲಭ್ಯತೆಯನ್ನು ತಿಳಿಯಬೇಕಾಗುತ್ತದೆ.

ಬ್ರಷ್: ಕೂದಲಿನ ಕುಚ್ಚು ಹಂದಿ, ಕುದುರೆ ಅಥವಾ ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದಾಗಿರುತ್ತದೆ. ಹಿಡಿಗೆ ಮರ, ಮೂಳೆ, ಬೇಕಲೈಟ್ ಮೊದಲಾದವು ಬಳಕೆಯಲ್ಲಿದ್ದವು.

ಕಾಲನಿರ್ಣಯ

1890ರ ಅಮೆರಿಕದ ಸುಂಕ ಕಾಯಿದೆಯು ಆಮದಾಗುವ ಸರಕುಗಳ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಆದ್ದರಿಂದ ಇಂಗ್ಲೆಂಡ್ ಅಥವಾ ಜರ್ಮನಿ ಎಂಬ ಮುದ್ರೆಯಿರುವ ಕ್ಷೌರಕತ್ತಿ ಸಾಮಾನ್ಯವಾಗಿ 1891ರ ನಂತರದ್ದು. ಆದರೆ ಮುದ್ರೆ ಇಲ್ಲದಿರುವುದೊಂದೇ ಹಳೆಯದೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅಮೆರಿಕದಲ್ಲಿ ತಯಾರಾದ ಜಿಲೆಟ್ ರೇಜರುಗಳ ಮೇಲೆ 1950ರ ದಶಕದಿಂದ ಒಂದು ಅಕ್ಷರ ಮತ್ತು ಒಂದು ಅಂಕಿಯ ಸಂಕೇತವಿದೆ. ಇಂಗ್ಲಿಷಿನ ‘ಎ’ ಅಕ್ಷರ 1955ನ್ನು, ‘ಬಿ’ 1956ನ್ನು ಸೂಚಿಸುತ್ತದೆ. 1ರಿಂದ 4ರವರೆಗಿನ ಅಂಕಿ ತ್ರೈಮಾಸಿಕವನ್ನು ತಿಳಿಸುತ್ತದೆ. ಇದರಂತೆ ‘ಇ 2’ ಎಂದರೆ 1959ರ ಎರಡನೆಯ ತ್ರೈಮಾಸಿಕ. ಒಂದು ರೇಜರಿನ ತಲೆಗೆ ಇನ್ನೊಂದರ ಹಿಡಿಯನ್ನು ಸೇರಿಸಿ ಮಾರುವುದೂ ಉಂಟು. ಹೀಗಾಗಿ ಸಂಕೇತದ ಜೊತೆಗೆ ಎಲ್ಲ ಭಾಗಗಳ ಲೇಪನ ಮತ್ತು ಸವೆತ ಒಂದೇ ತೆರನಾಗಿವೆಯೇ ಎಂದು ಪರೀಕ್ಷಿಸಲಾಗುತ್ತದೆ.

ಸೇಫ್ಟಿ ರೇಜರಿನ ದುರಸ್ತಿ

ಹಳೆಯ ಸೇಫ್ಟಿ ರೇಜರುಗಳಲ್ಲಿ ಹೆಚ್ಚಿನವು ಹಿತ್ತಾಳೆಯಿಂದ ಮಾಡಲ್ಪಟ್ಟು ನಿಕ್ಕಲ್, ಬೆಳ್ಳಿ ಅಥವಾ ಚಿನ್ನದ ಲೇಪನ ಹೊಂದಿರುತ್ತವೆ. ಅವುಗಳ ಮೇಲೆ ಕಾಣುವ ಬಿಳಿ ಅಥವಾ ಕಂದು ಪದರ ಬಹುಮಟ್ಟಿಗೆ ಗಡಸು ನೀರಿನೊಡನೆ ಸೋಪು ಸೇರಿ ಉಂಟಾದ ಜಿಡ್ಡು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಷ್ ಇದಕ್ಕೆ ಸಾಕಾಗುತ್ತವೆ. ಚಿನ್ನದ ಲೇಪನ ಬಹಳ ತೆಳುವಾಗಿರುವುದರಿಂದ ಉಜ್ಜುಪುಡಿ, ಲೋಹದ ಪಾಲಿಷ್‌ಗಳನ್ನು ಬಳಸಿದರೆ ಅಡಿಯ ಹಿತ್ತಾಳೆ ಹೊರಬೀಳುತ್ತದೆ.

ಅಮೋನಿಯಾ ಇರುವ ಶುಚಿಕಾರಕಗಳನ್ನು ದೂರವಿಡಬೇಕು. ಒಳಒತ್ತಡವಿರುವ ಹಿತ್ತಾಳೆಯನ್ನು ಅಮೋನಿಯಾ ಬಿರಿಯುವಂತೆ ಮಾಡುತ್ತದೆ. ಹಳೆಯ ರೇಜರುಗಳ ಟೊಳ್ಳು ಹಿಡಿಗಳಲ್ಲಿ ಉದ್ದನೆಯ ಬಿರುಕು ಸಾಮಾನ್ಯ ದೋಷ. ಬೇಕಲೈಟ್ ಭಾಗಗಳನ್ನು ಕುದಿಯುವ ನೀರಿಗೆ ಹಾಕಿದರೆ ಹೊಳಪು ಹೋಗುತ್ತದೆ. ತಿರುಗದೆ ಬಿಗಿದುಕೊಂಡ ಬುಡಕ್ಕೆ ಬಲಪ್ರಯೋಗ ಮಾಡದೆ, ನೀರಿನಲ್ಲಿ ನೆನೆಸಿ ಜಿಡ್ಡು ಕರಗಿಸಿ, ಒಣಗಿದ ಬಳಿಕ ತೆಳುವಾದ ಖನಿಜ ತೈಲದ ಒಂದೆರಡು ಹನಿ ಬಿಡಲಾಗುತ್ತದೆ. ಬೇರೊಬ್ಬರು ಬಳಸಿದ ರೇಜರನ್ನು ಬಳಕೆಗೆ ಮೊದಲು ಸೋಂಕುನಾಶಕದಿಂದ ಶುಚಿಗೊಳಿಸುವುದು ಅವಶ್ಯಕ.

ಲೇಪನ ಪೂರ್ತಿ ಸವೆದ ರೇಜರಿಗೆ ವಿದ್ಯುಲ್ಲೇಪನ ಮಾಡಿಸಬಹುದು. ಇದರಿಂದ ನೋಟ ಮರಳುತ್ತದೆಯಾದರೂ ಮೂಲ ಮೇಲ್ಮೈ ನಾಶವಾಗುತ್ತದೆ. ಅಪರೂಪದ ಮಾದರಿಗಳಿಗೆ ಇದನ್ನು ಮಾಡಬಾರದೆಂಬುದು ಅನುಭವಿ ಸಂಗ್ರಾಹಕರ ಸಾಮಾನ್ಯ ನಿಲುವಾಗಿದೆ.

ಕ್ಷೌರಕತ್ತಿಯ ದುರಸ್ತಿ

ಮೊದಲು ಅಲಗಿನ ಬಾಯಿಯಲ್ಲಿ ಬಿರುಕು ಇದೆಯೇ ಎಂದು ನೋಡಬೇಕು. ಬಿರುಕಿರುವ ಅಲಗು ಬಳಕೆಗೆ ಯೋಗ್ಯವಲ್ಲ. ಮೇಲ್ಮೈಯ ತುಕ್ಕನ್ನು ಎಣ್ಣೆ ಮತ್ತು ನವಿರು ಉಜ್ಜುಕಾಗದದಿಂದ ತೆಗೆಯಬಹುದು. ಆದರೆ ಬಾಯಿಯ ಅಂಚಿನಲ್ಲಿ ತುಕ್ಕು ಆಳವಾದ ಗುಳಿಗಳನ್ನು ಕೊರೆದಿದ್ದರೆ ಮಸೆದಷ್ಟೂ ಅಂಚು ಉದುರುತ್ತದೆ. ವಿದ್ಯುತ್ ಯಂತ್ರದಿಂದ ಉಜ್ಜುವಾಗ ತೆಳ್ಳನೆಯ ಅಂಚು ಬೇಗನೆ ಕಾಯುತ್ತದೆ. ಹದ ಕೆಟ್ಟ ಉಕ್ಕು ಮೆತ್ತಗಾಗಿ ಹರಿತವನ್ನು ಹಿಡಿದಿಡುವುದಿಲ್ಲ. ಶೆಫೀಲ್ಡಿನ ಅನೇಕ ಅಲಗುಗಳ ಮೇಲೆ ಆಮ್ಲದಿಂದ ಕೊರೆದ ಚಿತ್ರಬರಹಗಳಿರುತ್ತವೆ. ಅತಿಯಾಗಿ ಉಜ್ಜಿದರೆ ಇವು ಮಾಯವಾಗುತ್ತವೆ.

ಸಾಣೆ ಹಿಡಿಯುವಾಗ ಅಲಗಿನ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿನ ಮೇಲೆ ಕೂರಬೇಕು. ಬೆನ್ನಿನ ದಪ್ಪವೇ ಹರಿತದ ಕೋನವನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ 1000ದ ಒರಟು ಕಲ್ಲಿನಿಂದ ಆರಂಭಿಸಿ 8000 ಅಥವಾ ಅದಕ್ಕೂ ನಯವಾದ ಕಲ್ಲಿನಲ್ಲಿ ಮುಗಿಸುತ್ತಾರೆ. ಕೊನೆಗೆ ಬೆನ್ನು ಮುಂದಾಗಿರುವಂತೆ ಚರ್ಮದ ಪಟ್ಟಿಯ ಮೇಲೆ ಎಳೆಯಲಾಗುತ್ತದೆ. ಬಾಯಿ ಮುಂದಾದರೆ ಪಟ್ಟಿ ಕುಯ್ದುಹೋಗುತ್ತದೆ.

ಸೆಲ್ಯುಲಾಯ್ಡ್ ಪಕ್ಕೆಗಳು ಹಳತಾದಂತೆ ಆಮ್ಲೀಯ ಅನಿಲವನ್ನು ಬಿಡುತ್ತವೆ. ಇದರಿಂದ ಅಲಗು ತುಕ್ಕು ಹಿಡಿಯುತ್ತದೆ. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವೂ ಹೌದು. ಇಂತಹ ಕತ್ತಿಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ, ಬೇರೆ ಕತ್ತಿಗಳೊಂದಿಗೆ ಇಡಬಾರದು.

ಬ್ರಷ್‌ನ ದುರಸ್ತಿ ಮತ್ತು ಆರೋಗ್ಯದ ಅಪಾಯ

ಕೂದಲು ಉದುರಿದ ಬ್ರಷ್‌ನಲ್ಲಿ ಹಿಡಿಯನ್ನು ಉಳಿಸಿಕೊಂಡು ಹಳೆಯ ಕುಚ್ಚನ್ನು ಕೊರೆದು ತೆಗೆಯಲಾಗುತ್ತದೆ. ಕುಳಿಯ ವ್ಯಾಸ ಮತ್ತು ಆಳಕ್ಕೆ ಹೊಂದುವ ಹೊಸ ಕುಚ್ಚನ್ನು ನೀರು ತಾಗಿದರೂ ಬಿಡದ ಅಂಟಿನಿಂದ ಕೂರಿಸಲಾಗುತ್ತದೆ. ಕುಚ್ಚು ಹೆಚ್ಚು ಆಳಕ್ಕಿಳಿದರೆ ಬ್ರಷ್ ಬಿರುಸಾಗುತ್ತದೆ, ಮೇಲೆ ನಿಂತರೆ ಮೆತ್ತಗಾಗುತ್ತದೆ.

ಕುದುರೆ ಕೂದಲಿನ ಹಳೆಯ ಬ್ರಷ್‌ಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೈನಿಕರಲ್ಲೂ ನಾಗರಿಕರಲ್ಲೂ ಮುಖ, ಕತ್ತುಗಳ ಮೇಲೆ ಆಂಥ್ರಾಕ್ಸ್ ರೋಗ ಕಾಣಿಸಿಕೊಂಡು ಸಾವುಗಳೂ ಸಂಭವಿಸಿದವು. ಸರಿಯಾಗಿ ಸೋಂಕು ನಿವಾರಿಸದ ಆಮದು ಕುದುರೆ ಕೂದಲನ್ನು ಬ್ಯಾಜರ್ ಕೂದಲಿನಂತೆ ಕಾಣುವಂತೆ ಮಾಡಿ ಅಗ್ಗದ ಬ್ರಷ್ ತಯಾರಿಸಿದ್ದೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. 1920ರಲ್ಲಿ ಬ್ರಿಟನ್ ಜಪಾನಿನಿಂದ ಬರುವ ಕ್ಷೌರದ ಬ್ರಷ್‌ಗಳ ಆಮದನ್ನು ನಿಷೇಧಿಸಿತು. ಈ ರೋಗದ ಬೀಜಾಣುಗಳು ದಶಕಗಳ ಕಾಲ ಬದುಕಿರಬಲ್ಲವು. ಸೋಪು, ಬಿಸಿನೀರು ಅಥವಾ ಮದ್ಯಸಾರಕ್ಕೆ ಅವು ಸಾಯುವುದಿಲ್ಲ. ಇಂದು ಅಪಾಯದ ಸಾಧ್ಯತೆ ಅಲ್ಪವಾದರೂ, 2017ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಹಳೆಯ ರೂಢಿಗಳೊಡನೆ ಹಳೆಯ ರೋಗಗಳೂ ಮರಳಬಹುದೆಂದು ಎಚ್ಚರಿಸಿದೆ. ಆ ಕಾಲದ ಬ್ರಷ್‌ನ ಕುಚ್ಚನ್ನು ಒಣದಾಗಿ ಕೊರೆದರೆ ಧೂಳು ಉಸಿರಿನೊಳಗೆ ಹೋಗುವ ಸಂಭವವಿದೆ. ಆದ್ದರಿಂದ ಅಂತಹ ಬ್ರಷ್ಷನ್ನು ಬಳಸದೆ, ಬಿಚ್ಚದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಷ್ಟೇ ಇಡುವುದು ಲೇಸು.

ಕಾನೂನು

ದಂತ ಮತ್ತು ಕಡಲಾಮೆಯ ಚಿಪ್ಪಿನ ಹಿಡಿಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿರ್ಬಂಧಕ್ಕೆ ಒಳಪಟ್ಟಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ನಿಷಿದ್ಧ. ದಂತವೆಂದು ಮಾರಲಾಗುವ ಅನೇಕ ಹಿಡಿಗಳು ವಾಸ್ತವವಾಗಿ ಸೆಲ್ಯುಲಾಯ್ಡ್‌ನವು. ಅವುಗಳಲ್ಲಿ ಗೆರೆಗಳು ತೀರ ಕ್ರಮಬದ್ಧವಾಗಿರುತ್ತವೆ ಮತ್ತು ಉಜ್ಜಿದಾಗ ಕರ್ಪೂರದ ವಾಸನೆ ಬರುತ್ತದೆ.

ಭಾರತದಲ್ಲಿ

ಭಾರತದಲ್ಲಿ ಎರಡು ಬಾಯಿಯ ಬ್ಲೇಡುಗಳು ಇಂದಿಗೂ ಸಾಮಾನ್ಯ ಅಂಗಡಿಗಳಲ್ಲಿ ದೊರೆಯುವುದರಿಂದ ಹಳೆಯ ಸೇಫ್ಟಿ ರೇಜರುಗಳನ್ನು ಬಳಸುವುದು ಸುಲಭವಾಗಿದೆ. ಕರ್ನಾಟಕದ ಸಾಂಪ್ರದಾಯಿಕ ಕ್ಷೌರಿಕರು ಮಸೆಗಲ್ಲು ಮತ್ತು ಚರ್ಮದ ಪಟ್ಟಿಯಿಂದ ಕತ್ತಿಯನ್ನು ಹದಗೊಳಿಸುತ್ತಿದ್ದರು. ರಕ್ತದ ಮೂಲಕ ಹರಡುವ ಸೋಂಕುಗಳ ಬಗ್ಗೆ ಅರಿವು ಮೂಡಿದ ಮೇಲೆ ಕ್ಷೌರದಂಗಡಿಗಳಲ್ಲಿ ಅರ್ಧ ಮುರಿದ ಬ್ಲೇಡನ್ನು ಸಿಕ್ಕಿಸುವ ಹಿಡಿಗಳು ರೂಢಿಗೆ ಬಂದು, ಮಸೆಯುವ ಕತ್ತಿಗಳು ಮೂಲೆ ಸೇರಿದವು. ಅವುಗಳೊಂದಿಗೆ ಸಾಣೆ ಹಿಡಿಯುವ ಕೈಕಸುಬೂ ವಿರಳವಾಗುತ್ತಿದೆ.