ಗುದ್ದಿದ ಮೇಲೆ ಶುರುವಾಗುವ ಆಟ

ಕಾರು ಗುದ್ದಿಸುವ ಗೇಮುಗಳ ಮಾತು ಬಂದರೆ ಈಗ ಎಲ್ಲರೂ ನೋಡುವುದು ಬಾನೆಟ್ಟು ಎಷ್ಟು ಸಹಜವಾಗಿ ನುಗ್ಗಾಗುತ್ತದೆ ಎಂಬುದನ್ನು. ‘ಬೀಮ್‌ಎನ್‌ಜಿ ಡ್ರೈವ್’ ಗೇಮಿನ ವಿಡಿಯೊ ನೋಡಿ ಬೆಳೆದವರಿಗೆ ಈ ಪ್ರಕಾರದ ಚರಿತ್ರೆಯೆಂದರೆ ತಗಡು ಮಡಚಿದ ಚರಿತ್ರೆ. ಇದೆಲ್ಲ ಹಿಂಸೆಯ ಚಪಲ ಎನ್ನುವ ಹಳೆಯ ತೀರ್ಪಂತೂ ಇದ್ದೇ ಇದೆ. ಎರಡರಲ್ಲೂ ಆಟ ಕಾಣೆಯಾಗಿದೆ.

ಹಿಂಸೆಯ ಗದ್ದಲ ಎಕ್ಸಿಡಿ ಕಂಪನಿಯ ‘ಡೆತ್ ರೇಸ್’ (1976) ಕಾಲದ್ದು. 1997ರ ‘ಕಾರ್ಮಗೆಡನ್’ ಬ್ರಿಟನ್ನಿನಲ್ಲಿ ಸೆನ್ಸಾರಿಗೆ ಸಿಕ್ಕಿ, ಪಾದಚಾರಿಗಳ ಜಾಗದಲ್ಲಿ ಜಾಂಬಿಗಳನ್ನು ಇಟ್ಟುಕೊಂಡು ಹೊರಬಂತು. ಗದ್ದಲ ಕಳೆದರೆ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. 1995ರ ‘ಡಿಸ್ಟ್ರಕ್ಷನ್ ಡರ್ಬಿ’ಯ ಮಾತು ಬೇರೆ. ಎದುರಾಳಿಯ ಕಾರನ್ನು ಗಿರಕಿ ಹೊಡೆಸಿದರೆ ಅಲ್ಲಿ ಅಂಕ. ಆದರೂ ನಿಮ್ಮ ಕಾರು ಕೆಟ್ಟು ನಿಂತರೆ ಕಥೆ ಮುಗಿಯಿತು. ನಮ್ಮಲ್ಲಿ ಒಂದು ತಲೆಮಾರು ಮುಗಿಬಿದ್ದು ಆಡಿದ ‘ರೋಡ್ ರ್‍ಯಾಶ್’ನಲ್ಲೂ ಬಿದ್ದವನು ಎದ್ದು ಬೈಕಿನತ್ತ ಓಡಬೇಕಿತ್ತು, ಬೀಳುವುದೆಂದರೆ ನಷ್ಟವೇ.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಕ್ರೈಟೀರಿಯನ್ ಸ್ಟುಡಿಯೊ. 2001ರ ‘ಬರ್ನೌಟ್’ನಲ್ಲೇ ಎದುರು ಬರುವ ವಾಹನಗಳ ಲೇನಿಗೆ ನುಗ್ಗಿದರೆ, ಕೂದಲೆಳೆಯಲ್ಲಿ ತಪ್ಪಿಸಿಕೊಂಡರೆ ವೇಗ ಹೆಚ್ಚಿಸುವ ಬೂಸ್ಟ್ ತುಂಬುತ್ತಿತ್ತು. ಅಪಾಯವೇ ಇಂಧನ. ಮರುವರ್ಷ ‘ಬರ್ನೌಟ್ 2’ ಕ್ರ್ಯಾಶ್ ಮೋಡ್ ತಂದಿತು. ಒಂದು ಜಂಕ್ಷನ್, ಒಂದು ಕಾರು. ಆದಷ್ಟು ದೊಡ್ಡ ಅಪಘಾತ ಮಾಡಬೇಕು, ಹಾನಿಯ ಮೊತ್ತ ಡಾಲರಿನಲ್ಲಿ ಏರುತ್ತಾ ಹೋಗುತ್ತದೆ. ಪ್ರತಿ ಸಲವೂ ಟ್ರಾಫಿಕ್ ಅದೇ ಕ್ರಮದಲ್ಲಿ ಬರುತ್ತದೆ ಎಂಬುದನ್ನು ವಿಮರ್ಶಕರು ಗಮನಿಸಿದ್ದು ಕಡಿಮೆ. ಲಾರಿ ಯಾವಾಗ ಬರುತ್ತದೆಂದು ಕಲಿತು, ಅದು ಅಡ್ಡ ಮಲಗುವ ಹಾಗೆ ಗುದ್ದಿದರೆ ಮಿಕ್ಕವು ತಾವಾಗಿಯೇ ಬಂದು ಬೀಳುತ್ತವೆ. ಕೇರಂನಲ್ಲಿ ಸ್ಟ್ರೈಕರ್ ಬಿಡುವವನ ಕೋನದ ಲೆಕ್ಕ ಇಲ್ಲಿಯದೂ.

2004ರ ‘ಬರ್ನೌಟ್ 3: ಟೇಕ್‌ಡೌನ್’ ಈ ಪ್ರಕಾರದ ಶಿಖರ; ಈ ಬಗ್ಗೆ ನಾನು ವಾದಕ್ಕೆ ಕೂರುವುದಿಲ್ಲ. ಎದುರಾಳಿಯನ್ನು ಗೋಡೆಗೆ ಒತ್ತಿ ಕೆಡವಿದರೆ ಬೂಸ್ಟ್ ಪಟ್ಟಿಯೇ ಉದ್ದವಾಗುತ್ತದೆ. ನಿಮ್ಮ ಕಾರೇ ಪುಡಿಯಾದರೂ ಕಾಲ ನಿಧಾನವಾಗಿ, ಗಾಳಿಯಲ್ಲಿ ಉರುಳುವ ಅವಶೇಷವನ್ನು ವಾಲಿಸಿ ಹಿಂದೆ ಬರುವವನ ದಾರಿಗೆ ಅಡ್ಡ ಹಾಕಬಹುದು. ಸೋತವನ ಕೈಯಲ್ಲೂ ಒಂದು ಪಟ್ಟು ಉಳಿಸಿದ ಆಟವಿದು. ನಿಜವಾದ ಕಾರು ಕಂಪನಿಗಳಿಗೆ ತಮ್ಮ ಗಾಡಿ ಜಖಂ ಆಗುವುದನ್ನು ತೋರಿಸಲು ಮನಸ್ಸಿರುವುದಿಲ್ಲ. ಬರ್ನೌಟ್‌ನ ಕಾರುಗಳೆಲ್ಲ ಕಲ್ಪಿತ, ಆದ್ದರಿಂದಲೇ ಅದಕ್ಕೆ ಇಷ್ಟು ಸ್ವಾತಂತ್ರ್ಯ.

ಅದೇ ವರ್ಷ ಫಿನ್‌ಲೆಂಡಿನ ಬಗ್‌ಬೇರ್ ‘ಫ್ಲಾಟ್‌ಔಟ್’ನಲ್ಲಿ ಚಾಲಕನನ್ನೇ ಗಾಜು ಒಡೆದು ಹೊರಗೆಸೆಯಿತು. ನಗು ಬರುತ್ತದೆ, ಬೇಗ ಸಾಕಾಗುತ್ತದೆ. ಅವರದೇ ‘ರೆಕ್‌ಫೆಸ್ಟ್’ (2018) ಹೆಚ್ಚು ಗಟ್ಟಿ.

2008ರ ‘ಬರ್ನೌಟ್ ಪ್ಯಾರಡೈಸ್’ ಇಡೀ ಊರನ್ನೇ ಬಿಚ್ಚಿಟ್ಟಿತು. ಆ ಬೀದಿಗಳಲ್ಲಿ ಪಾದಚಾರಿ ಒಬ್ಬನೂ ಇಲ್ಲ. ಹಿಂಸೆಯ ತೀರ್ಪುಗಾರರು ಇದನ್ನು ಕಂಡಂತಿಲ್ಲ. ಆದರೆ ಕ್ರ್ಯಾಶ್ ಮೋಡ್‌ನ ಜಂಕ್ಷನ್‌ಗಳು ಹೋಗಿ, ಎಲ್ಲಿ ಬೇಕಾದರೂ ಕಾರನ್ನು ಪುಟಿಸುತ್ತಾ ಸಾಗುವ ‘ಶೋಟೈಮ್’ ಬಂತು. ವಿಶಾಲವಾಯಿತು, ಸಡಿಲವೂ ಆಯಿತು. ಕ್ರೈಟೀರಿಯನ್ ಬಿಟ್ಟ ಅಲೆಕ್ಸ್ ವಾರ್ಡ್, ಫಿಯೋನಾ ಸ್ಪೆರಿ ಕಟ್ಟಿದ ಸಣ್ಣ ಸ್ಟುಡಿಯೊ 2017ರಲ್ಲಿ ‘ಡೇಂಜರ್ ಜೋನ್’ ಮೂಲಕ ಜಂಕ್ಷನ್‌ಗಳಿಗೆ ಮರಳಿತು. ಹಣ ಕಡಿಮೆ ಎಂಬುದು ಎದ್ದು ಕಾಣುತ್ತದೆ, ಲೆಕ್ಕ ಮಾತ್ರ ಚುರುಕಾಗಿದೆ. ‘ಪ್ಯಾರಡೈಸ್’ಗೆ 2018ರಲ್ಲಿ ಹೊಸ ಮೆರುಗು ಸಿಕ್ಕಿತು. ‘ಟೇಕ್‌ಡೌನ್’ಗೆ ಆ ಭಾಗ್ಯ ಬಂದಿಲ್ಲ, ಅದನ್ನು ಆಡಬೇಕಾದವರು ಹಳೆಯ ಡಿಸ್ಕನ್ನೇ ಹುಡುಕಬೇಕು.