ಭೀಮಾಶಂಕರ: ನೆಲಕ್ಕಿಳಿಯದ ಕೆಂದಳಿಲನ್ನು ನೋಡಲು ಹೋಗುವ ಮುನ್ನ ಇದನ್ನು ತಿಳಿದಿರಿ

ಪುಣೆಯಿಂದ ಸುಮಾರು 110 ಕಿ.ಮೀ. ದೂರದ ಭೀಮಾಶಂಕರಕ್ಕೆ ಬಹುತೇಕರು ಹೋಗುವುದು ಜ್ಯೋತಿರ್ಲಿಂಗದ ದರ್ಶನಕ್ಕೆ. ದೇವಸ್ಥಾನದ ಸುತ್ತಲಿನ ಕಾಡಿನಲ್ಲಿ ಮಹಾರಾಷ್ಟ್ರದ ರಾಜ್ಯ ಪ್ರಾಣಿ ‘ಶೇಕರು’ ವಾಸವಿದೆ. ಕನ್ನಡಿಗರು ಇದನ್ನು ಕೆಂದಳಿಲು ಎನ್ನುತ್ತಾರೆ. ದರ್ಶನ ಮುಗಿಸಿ ನೇರ ವಾಹನ ಹತ್ತಿದವರಿಗೆ ಇದು ಕಾಣಸಿಗುವುದು ಅಪರೂಪ.

ಮರದ ಮೇಲೇ ಬದುಕು

ಕೆಂದಳಿಲು ತಿನ್ನುವುದು, ಮಲಗುವುದು, ಮರಿ ಸಾಕುವುದು ಎಲ್ಲವೂ ಮರದ ಮೇಲೆಯೇ. ಒಂದು ಮರದಿಂದ ಇನ್ನೊಂದಕ್ಕೆ ಸುಮಾರು 6 ಮೀಟರ್ ದೂರ ಜಿಗಿಯಬಲ್ಲದು. ಬೆನ್ನು ಕಂದುಗೆಂಪು, ಹೊಟ್ಟೆ ಕೆನೆಬಣ್ಣ. ಉದ್ದನೆಯ ಬಾಲ ಕೊಂಬೆಗಳ ಮೇಲೆ ಸಮತೋಲನಕ್ಕೆ ನೆರವಾಗುತ್ತದೆ. ಹಣ್ಣು, ಬೀಜ, ಚಿಗುರು, ತೊಗಟೆ ಇದರ ಆಹಾರ. ಕಡ್ಡಿ, ಎಲೆ ಸೇರಿಸಿ ಕಟ್ಟಿದ ದುಂಡನೆಯ ಗೂಡು ಕೊಂಬೆಯ ತುದಿಯಲ್ಲಿರುತ್ತದೆ. ಒಂದೇ ಅಳಿಲಿಗೆ ಒಂದಕ್ಕಿಂತ ಹೆಚ್ಚು ಗೂಡುಗಳಿರುವುದೂ ಉಂಟು.

ಎಲ್ಲಿ, ಯಾವಾಗ ನೋಡಬೇಕು?

ಘಾನಾ ದೇಶದ ಕಾಕುಮ್ ರಾಷ್ಟ್ರೀಯ ಉದ್ಯಾನದಲ್ಲಿ ಮರದ ತುದಿಗಳ ನಡುವೆ ನಡೆದಾಡಲು ಸುಮಾರು 350 ಮೀಟರ್ ಉದ್ದದ ತೂಗುಸೇತುವೆಗಳಿವೆ. ಉತ್ತರ ಕನ್ನಡದ ಕ್ಯಾಸಲ್‌ರಾಕ್ ಬಳಿಯ ಕುವೇಶಿಯಲ್ಲೂ ಅರಣ್ಯ ಇಲಾಖೆ ಇಂಥ ಕ್ಯಾನೋಪಿ ವಾಕ್ ನಿರ್ಮಿಸಿದೆ. ಭೀಮಾಶಂಕರದಲ್ಲಿ ಆ ಕೆಲಸವನ್ನು ಬೆಟ್ಟದ ಇಳಿಜಾರೇ ಮಾಡುತ್ತದೆ. ಕಾಲುದಾರಿಯಲ್ಲಿ ನಿಂತರೆ ಕೆಳಗಿನ ಮರಗಳ ತುದಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಗುಪ್ತ ಭೀಮಾಶಂಕರಕ್ಕೆ ಹೋಗುವ ಕಾಡುದಾರಿ ಇದಕ್ಕೆ ಸೂಕ್ತ.

ಕೆಂದಳಿಲು ಬೆಳಗ್ಗೆ ಮತ್ತು ಸಂಜೆ ಚುರುಕಾಗಿರುತ್ತದೆ, ಮಧ್ಯಾಹ್ನ ವಿಶ್ರಾಂತಿ ಪಡೆಯುತ್ತದೆ. ಮಳೆಗಾಲದಲ್ಲಿ ಮಂಜು ಕವಿಯುವುದರಿಂದ ನವೆಂಬರ್ ನಂತರದ ತಿಂಗಳುಗಳು ಉತ್ತಮ. ಶ್ರಾವಣ ಮತ್ತು ಮಹಾಶಿವರಾತ್ರಿ ಸಮಯದಲ್ಲಿ ಜನದಟ್ಟಣೆ ಹೆಚ್ಚು. ಒಂದೆಡೆ ಸದ್ದಿಲ್ಲದೆ ನಿಂತು ಕೊಂಬೆ ಅಲುಗುವುದನ್ನು ಗಮನಿಸಿ. ಜೋರಾದ ಕರ್ಕಶ ಕೂಗು ಕೇಳಿಸಿದರೆ ಅಳಿಲು ಹತ್ತಿರದಲ್ಲೇ ಇದೆ ಎಂದರ್ಥ.

ಕೊಂಬೆ ಕಡಿದರೆ ದಾರಿ ಕಡಿದಂತೆ

ಈ ಕಾಡನ್ನು 1985ರಲ್ಲಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 130 ಚದರ ಕಿ.ಮೀ. ಕಾನೂನಿನ ರಕ್ಷಣೆ ಬರುವ ಎಷ್ಟೋ ಮೊದಲೇ ಸ್ಥಳೀಯರು ‘ದೇವರಾಯಿ’ಗಳನ್ನು, ಅಂದರೆ ದೇವರಕಾಡುಗಳನ್ನು, ಕಾಪಾಡಿಕೊಂಡು ಬಂದಿದ್ದರು. ದೇವರ ಭಯದಿಂದ ಅಲ್ಲಿ ಕೊಡಲಿ ಬೀಳಲಿಲ್ಲ, ಹಳೆಯ ಮರಗಳು ಉಳಿದವು.

ಕೆಂದಳಿಲಿಗೆ ಮರಗಳ ಸಂಖ್ಯೆಯಷ್ಟೇ ಕೊಂಬೆಗೆ ಕೊಂಬೆ ತಾಗಿರುವುದೂ ಮುಖ್ಯ. ರಸ್ತೆಗೋ ಕಟ್ಟಡಕ್ಕೋ ನಡುವಿನ ಮರಗಳನ್ನು ಕಡಿದರೆ ಅದು ನೆಲಕ್ಕಿಳಿಯಬೇಕಾಗುತ್ತದೆ. ನೆಲದ ಮೇಲೆ ನಾಯಿ, ಚಿರತೆ, ವಾಹನಗಳ ಅಪಾಯವಿದೆ.

ಕರ್ನಾಟಕಕ್ಕೂ ನಂಟು

ಭೀಮಾ ನದಿ ಹುಟ್ಟುವುದು ಇಲ್ಲಿಯೇ. ಪಂಢರಪುರ ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರು ಸಮೀಪ ಕೃಷ್ಣೆಯನ್ನು ಸೇರುತ್ತದೆ. ಗಾಣಗಾಪುರದಲ್ಲಿ ಭಕ್ತರು ಮೀಯುವ ನದಿಯ ತವರು ಈ ಕಾಡು.

ಭೇಟಿ ನೀಡುವವರು ಗಮನಿಸಿ

* ಅಳಿಲು, ಮಂಗಗಳಿಗೆ ಬಿಸ್ಕತ್ತು, ಪ್ರಸಾದ ನೀಡಬೇಡಿ.
* ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ವಾಪಸ್ ತನ್ನಿ.
* ಕೂಗಾಟ, ಸ್ಪೀಕರ್ ಬೇಡ. ಗೂಡಿರುವ ಮರವನ್ನು ಅಲುಗಾಡಿಸಬೇಡಿ.
* ಗುರುತಿಸಿದ ದಾರಿ ಬಿಟ್ಟು ಕಾಡಿನೊಳಗೆ ಹೋಗಬೇಡಿ.
* ಪ್ರವೇಶದ ಸಮಯ ಮತ್ತು ನಿಯಮಗಳನ್ನು ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಂಡು ಹೊರಡಿ.