ಕಾರ್ಡ್ ಕೂತಿತು, ಪರದೆ ಬೆಳಗಲಿಲ್ಲ: ಒಂದು ಸ್ಲಾಟಿನ ನಲವತ್ತು ವರ್ಷ

ಮನೆಯ ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುವ ಕೆಲಸ ನೋಡಲು ಬಲು ಸುಲಭ. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಬೇಕು, ಹಳೆಯ ಕಾರ್ಡನ್ನು ಎಳೆದು ತೆಗೆಯಬೇಕು, ಹೊಸದನ್ನು ಅದೇ ಸ್ಲಾಟಿನಲ್ಲಿಟ್ಟು ‘ಟಕ್’ ಎನ್ನುವವರೆಗೆ ಒತ್ತಬೇಕು, ಒಂದು ಸ್ಕ್ರೂ ಬಿಗಿಯಬೇಕು. ಹತ್ತು ನಿಮಿಷದ ಕೆಲಸ. ಆಮೇಲೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಪರದೆ ಮಾತ್ರ ಕಪ್ಪಗೇ ಉಳಿಯುತ್ತದೆ. ಅಂಗಡಿಗೆ ಒಯ್ದು ಬೇರೆ ಕಂಪ್ಯೂಟರಿಗೆ ಹಾಕಿದರೆ ಕಾರ್ಡ್ ಚೆನ್ನಾಗಿಯೇ ಇದೆ. ಮನೆಗೆ ಬಂದು ಹಳೆಯ ಕಾರ್ಡನ್ನು ಮರಳಿ ಕೂರಿಸಿದರೆ ಕಂಪ್ಯೂಟರೂ ಚೆನ್ನಾಗಿಯೇ ಇದೆ. ಎರಡೂ ಆರೋಗ್ಯವಾಗಿದ್ದು, ಜೊತೆಗೂಡಿದಾಗ ಮಾತ್ರ ಕೆಡುವ ಈ ಕಾಯಿಲೆ ಹೊಸದೇನಲ್ಲ. ಅದಕ್ಕೆ ಪರ್ಸನಲ್ ಕಂಪ್ಯೂಟರಿನಷ್ಟೇ ವಯಸ್ಸಾಗಿದೆ.

ಸ್ಲಾಟ್ ಎಂದರೆ ಪ್ಲಾಸ್ಟಿಕ್ಕಿನ ಒಂದು ಸೀಳು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಹಲವು ಕಂಪನಿಗಳು ಸೇರಿ ಮಾಡಿಕೊಂಡ ಕರಾರು. ಕಾರ್ಡಿನ ಅಳತೆ ಎಷ್ಟು, ಯಾವ ತಂತಿಯಲ್ಲಿ ಎಷ್ಟು ವೋಲ್ಟ್, ಎಷ್ಟು ವ್ಯಾಟ್ ಎಳೆಯಬಹುದು, ಸ್ವಿಚ್ ಒತ್ತಿದ ಮೇಲೆ ಮೊದಲು ಯಾರು ಮಾತಾಡಬೇಕು, ಯಾವ ಭಾಷೆಯಲ್ಲಿ, ಎಲ್ಲವೂ ಆ ಕರಾರಿನಲ್ಲಿವೆ. ಕಾರ್ಡಿಗೊಂದು ಹುಟ್ಟಿದ ವರ್ಷವಿದೆ, ಮದರ್‌ಬೋರ್ಡಿಗೊಂದು, ಪವರ್ ಸಪ್ಲೈಗೆ ಇನ್ನೊಂದು. ಅಪ್‌ಗ್ರೇಡ್ ಎಂದರೆ ಬೇರೆ ಬೇರೆ ವರ್ಷಗಳ ಕರಾರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸುವುದು. ಎಲ್ಲಿ ಅವುಗಳ ಮಾತು ತಪ್ಪುತ್ತದೋ ಅಲ್ಲಿ ಪರದೆ ಕಪ್ಪಾಗುತ್ತದೆ.

ಮೊದಲ ಕರಾರು

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಮದರ್‌ಬೋರ್ಡಿನಲ್ಲಿ ಐದು ಸ್ಲಾಟುಗಳಿದ್ದವು, ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ಮಾತ್ರ ಇರಲಿಲ್ಲ. ಅದಕ್ಕೆ ಬೇರೆ ಕಾರ್ಡ್ ಕೊಳ್ಳಬೇಕಿತ್ತು. ಅಕ್ಷರಗಳನ್ನಷ್ಟೇ ತೋರಿಸುವ ಎಂಡಿಎ, ಬಣ್ಣದ ಚಿತ್ರ ತೋರಿಸುವ ಸಿಜಿಎ, ಇವೆರಡು ಆಗ ಇದ್ದ ಆಯ್ಕೆಗಳು. ಗ್ರಾಫಿಕ್ಸ್ ಕಾರ್ಡ್ ಬದಲಿಸಬಹುದಾದ ವಸ್ತು ಎಂಬ ಕಲ್ಪನೆ ಹೀಗೆ ಮೊದಲ ದಿನದಿಂದಲೇ ಬಂತು. ಐಬಿಎಂ ಯಂತ್ರದ ಸರ್ಕ್ಯೂಟ್ ನಕ್ಷೆಗಳನ್ನೂ ಬಯೋಸ್‌ನ ಸಾಲುಗಳನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದರಿಂದ ಹೊರಗಿನವರೂ ಆ ಸ್ಲಾಟಿಗೆ ಕಾರ್ಡ್ ತಯಾರಿಸಲು ತೊಡಗಿದರು.

ತೊಂದರೆಯೂ ಮೊದಲ ದಿನದಿಂದಲೇ ಇತ್ತು. ಯಾವ ಕಾರ್ಡ್ ಹಾಕಿದೆ ಎಂಬುದನ್ನು ಮದರ್‌ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಯಂತ್ರಕ್ಕೆ ತಿಳಿಸಬೇಕಿತ್ತು. ಕಾರ್ಡಿನಲ್ಲಿ ದೋಷ ಕಂಡರೆ ಯಂತ್ರ ಒಂದು ಉದ್ದದ, ಎರಡು ಗಿಡ್ಡ ಬೀಪ್ ಹೊಡೆಯುತ್ತಿತ್ತು. ಪರದೆಯೇ ಇಲ್ಲದಾಗ ಯಂತ್ರಕ್ಕೆ ಉಳಿದ ಬಾಯಿ ಅದೊಂದೇ. ಆ ಬೀಪ್ ಭಾಷೆ ಮುಂದೆ ದಶಕಗಳ ಕಾಲ ರಿಪೇರಿಯವರ ನಾಡಿ ಪರೀಕ್ಷೆಯಾಯಿತು.

ಮೂರು ವರ್ಷಕ್ಕೆ ಮೊದಲ ದೊಡ್ಡ ಪಾಠ ಬಂತು. 1984ರಲ್ಲಿ ಐಬಿಎಂ ಇಜಿಎ ಎಂಬ ಹೊಸ ಕಾರ್ಡ್ ತಂದಿತು. ಅದು ತನ್ನನ್ನು ತಾನು ನಡೆಸಿಕೊಳ್ಳುವ ಪ್ರೋಗ್ರಾಮನ್ನು ತನ್ನದೇ ರಾಮ್ ಅಲ್ಲದ, ಅಳಿಯದ ಒಂದು ಚಿಪ್ಪಿನಲ್ಲಿ ಹೊತ್ತು ಬಂದಿತ್ತು. ಯಂತ್ರ ಏಳುವಾಗ ಬಯೋಸ್ ಆ ಚಿಪ್ಪನ್ನು ಹುಡುಕಿ ಓದಿಕೊಳ್ಳಬೇಕಿತ್ತು. ಹಾಗೆ ಹುಡುಕುವ ಬುದ್ಧಿ 1982ರ ಅಕ್ಟೋಬರಿನ ಬಯೋಸ್‌ನಲ್ಲಿ ಮೊದಲು ಸೇರಿತ್ತು. 1981ರಲ್ಲೇ ಕಂಪ್ಯೂಟರ್ ಕೊಂಡವರ ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಕಂಪನಿ ಅದೇ, ಸ್ಲಾಟ್ ಅದೇ, ಕಾರ್ಡ್ ಸಲೀಸಾಗಿ ಕೂರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಮದರ್‌ಬೋರ್ಡಿನ ಬಯೋಸ್ ಚಿಪ್ಪನ್ನೇ ಕಿತ್ತು ಹೊಸದನ್ನು ಹಾಕಬೇಕಿತ್ತು. ಇಂದು ಹಳೆಯ ಬೋರ್ಡಿಗೆ ಹೊಸ ಕಾರ್ಡ್ ಹಾಕಿ ‘ಬಯೋಸ್ ಅಪ್‌ಡೇಟ್ ಮಾಡಿ ನೋಡಿ’ ಎಂಬ ಸಲಹೆ ಪಡೆಯುವವರು ಆ ಇಜಿಎ ಕೊಂಡವರ ವಾರಸುದಾರರು.

ತಪ್ಪು ಕೂರದಂತೆ ಕೊರೆದ ಕಚ್ಚು

1990ರ ದಶಕದಲ್ಲಿ ಕರಾರುಗಳೇ ಬೇಗಬೇಗ ಬದಲಾದವು. ವಿಂಡೋಸ್ ಬಂದ ಮೇಲೆ ಪರದೆಯ ತುಂಬ ಚಿತ್ರ ಬಿಡಿಸಬೇಕಾಯಿತು, ಹಳೆಯ ಸ್ಲಾಟಿನ ವೇಗ ಸಾಲದಾಯಿತು. 1992ರಲ್ಲಿ ಬಂದ ವೆಸಾ ಲೋಕಲ್ ಬಸ್ 486 ಪ್ರೊಸೆಸರಿನ ತಂತಿಗಳಿಗೇ ನೇರವಾಗಿ ಅಂಟಿಕೊಂಡಿತ್ತು. ಪೆಂಟಿಯಮ್ ಬಂದದ್ದೇ ಆ ಉದ್ದನೆಯ ಸ್ಲಾಟ್ ಕಣ್ಮರೆಯಾಯಿತು, ಅದಕ್ಕೆಂದು ಕೊಂಡ ಕಾರ್ಡುಗಳು ಕೆಲವೇ ವರ್ಷಗಳಲ್ಲಿ ಅನಾಥವಾದವು. ಅದೇ 1992ರಲ್ಲಿ ಇಂಟೆಲ್ ಮುಂದಿಟ್ಟ ಪಿಸಿಐ ಪ್ರೊಸೆಸರಿಗೆ ಅಂಟಿಕೊಳ್ಳದ್ದರಿಂದ ಬಹುಕಾಲ ಬದುಕಿತು. ಆಟಗಳು ಮೂರು ಆಯಾಮಕ್ಕೆ ಜಿಗಿದಾಗ ಅದರ ಸೆಕೆಂಡಿಗೆ 133 ಮೆಗಾಬೈಟ್ ದಾರಿಯೂ ಇಕ್ಕಟ್ಟಾಗಿ, 1997ರ ಹೊತ್ತಿಗೆ ಗ್ರಾಫಿಕ್ಸ್‌ಗೆಂದೇ ಮೀಸಲಾದ ಎಜಿಪಿ ಸ್ಲಾಟ್ ಬೋರ್ಡುಗಳಿಗೆ ಬಂತು.

ಎಜಿಪಿಯ ಕತೆ ಸ್ವಲ್ಪ ವಿವರವಾಗಿ ನೋಡಬೇಕಾದದ್ದು. ಮೊದಲ ಆವೃತ್ತಿ 3.3 ವೋಲ್ಟಿನಲ್ಲಿ ಮಾತಾಡುತ್ತಿತ್ತು. 1998ರ ಎರಡನೆಯ ಆವೃತ್ತಿ 1.5 ವೋಲ್ಟಿಗೆ ಇಳಿಯಿತು. ಹೆಸರು ಒಂದೇ ಆದರೂ ಎರಡು ಜಾತಿ. ಒಂದನ್ನು ಇನ್ನೊಂದರಲ್ಲಿ ಹಾಕಿ ಸುಟ್ಟುಕೊಳ್ಳಬಾರದೆಂದು ಸ್ಲಾಟಿನ ಒಳಗೆ ಒಂದು ತಡೆ, ಕಾರ್ಡಿನ ಅಂಚಿನಲ್ಲಿ ಅದಕ್ಕೆ ಹೊಂದುವ ಕಚ್ಚು ಇಟ್ಟರು. 3.3 ವೋಲ್ಟಿನ ಕಾರ್ಡಿಗೆ ಒಂದು ಕಡೆ ಕಚ್ಚು, 1.5 ವೋಲ್ಟಿನದಕ್ಕೆ ಇನ್ನೊಂದು ಕಡೆ, ಎರಡನ್ನೂ ಬಲ್ಲ ಕಾರ್ಡಿಗೆ ಎರಡು ಕಚ್ಚು. ಸ್ಲಾಟೇ ಕಾವಲುಗಾರ. ಕಣ್ಣು ಮುಚ್ಚಿಕೊಂಡು ಹಾಕಿದರೂ ತಪ್ಪಾಗುವಂತಿರಲಿಲ್ಲ.

ಆದರೂ ತಪ್ಪಾಯಿತು. ಕೆಲವು ಕಾರ್ಡುಗಳು ಹಳೆಯ ವೋಲ್ಟನ್ನಷ್ಟೇ ಬಲ್ಲವಾಗಿದ್ದೂ ಎರಡು ಕಚ್ಚು ಹೊತ್ತು ಮಾರುಕಟ್ಟೆಗೆ ಬಂದವು. ಪೆಂಟಿಯಮ್ 4ರ ಕಾಲದ, 1.5 ವೋಲ್ಟನ್ನಷ್ಟೇ ಸಹಿಸುವ ಬೋರ್ಡುಗಳಿಗೆ ಅಂಥ ಕಾರ್ಡ್ ಕೂರಿಸಿದರೆ ಬೋರ್ಡೇ ಸಾಯುವ ಅಪಾಯವಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಒಂದು 3.3ಕ್ಕೆ ಎಳೆಯಿತು, ಇನ್ನೊಂದು 1.5ಕ್ಕೆ. ಹಳೆಯ ಕಾರ್ಡನ್ನು ಉಳಿಸಿಕೊಂಡು ಹೊಸ ಬೋರ್ಡ್ ಕೊಂಡ ಮಿತವ್ಯಯಿಗೆ ಇದು ಎರಡು ಪಟ್ಟು ನಷ್ಟ. ಕೂರುವುದೆಲ್ಲ ಹೊಂದುವುದಿಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಸ್ಟಿಕರಿನ ಮೇಲಿನ ವ್ಯಾಟ್

1981ರ ಐಬಿಎಂ ಪಿಸಿಯ ಇಡೀ ಪವರ್ ಸಪ್ಲೈ 63.5 ವ್ಯಾಟಿನದು. ಇಂದಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದೇ ಕಾರ್ಡಿಗೆ 75 ವ್ಯಾಟ್ ಕೊಡಬಲ್ಲದು. ಈ ಎರಡು ಅಂಕಿಗಳ ನಡುವೆ ಇನ್ನೊಂದು ಇತಿಹಾಸವಿದೆ.

2000ದ ಸುಮಾರಿಗೆ ಗ್ರಾಫಿಕ್ಸ್ ಕಾರ್ಡಿನ ಹಸಿವು ಸ್ಲಾಟಿನ ತಟ್ಟೆಯನ್ನು ಮೀರಿತು. ಆ ವರ್ಷದ ವೂಡೂ5 5500 ಕಾರ್ಡಿಗೆ ಹಾರ್ಡ್ ಡಿಸ್ಕಿಗೆ ಹಾಕುವ ವೈರನ್ನೇ ನೇರವಾಗಿ ಚುಚ್ಚಬೇಕಿತ್ತು. 2002ರ ರೇಡಿಯಾನ್ 9700 ಪ್ರೊ ಫ್ಲಾಪಿ ಡ್ರೈವಿನ ವೈರನ್ನು ಬೇಡಿತು. ಆ ವೈರ್ ಹಾಕಲು ಮರೆತರೆ ಕಾರ್ಡ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬೋರ್ಡುಗಳು ಬಂದ ಮೇಲೆ ಇದಕ್ಕೊಂದು ಕ್ರಮ ಬಂತು. ಸ್ಲಾಟಿನಿಂದ 75 ವ್ಯಾಟ್, ಆರು ಪಿನ್ನಿನ ವೈರಿನಿಂದ ಇನ್ನೊಂದು 75, ಎಂಟು ಪಿನ್ನಿನದರಿಂದ 150.

ವೈರ್ ಸಿಕ್ಕಿತು ಎಂದಮಾತ್ರಕ್ಕೆ ವಿದ್ಯುತ್ ಸಿಕ್ಕಿತೆಂದಲ್ಲ. ಹಳೆಯ ಪವರ್ ಸಪ್ಲೈಗಳು ತಮ್ಮ ಬಲದ ಬಹುಪಾಲನ್ನು 5 ವೋಲ್ಟ್ ಮತ್ತು 3.3 ವೋಲ್ಟಿನ ಸಾಲುಗಳಿಗೆ ಇಟ್ಟುಕೊಂಡಿದ್ದವು, ಏಕೆಂದರೆ ಆಗ ಪ್ರೊಸೆಸರಿಗೆ ಬೇಕಿದ್ದುದು ಅದೇ. ಪೆಂಟಿಯಮ್ 4 ಜೊತೆಗೆ ಪ್ರೊಸೆಸರ್ 12 ವೋಲ್ಟಿನ ಸಾಲಿಗೆ ಬಾಯಿ ಹಾಕಿತು. ಗ್ರಾಫಿಕ್ಸ್ ಕಾರ್ಡುಗಳೂ ಅದೇ ಸಾಲಿಗೆ ಬಂದು ನಿಂತವು. ಪೆಟ್ಟಿಗೆಯ ಮೇಲೆ 400 ವ್ಯಾಟ್ ಎಂದು ದೊಡ್ಡದಾಗಿ ಬರೆದಿದ್ದರೂ ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿಗೆ 15 ಆಂಪಿಯರ್ ಎಂದಿದ್ದರೆ ಅಲ್ಲಿ ನಿಜವಾಗಿ ಸಿಗುವುದು 180 ವ್ಯಾಟ್. ಅದರಲ್ಲೇ ಪ್ರೊಸೆಸರ್, ಡಿಸ್ಕ್, ಫ್ಯಾನ್, ಕಾರ್ಡ್ ಎಲ್ಲವೂ ಉಣ್ಣಬೇಕು. ಈ ಕಾಯಿಲೆಯ ಲಕ್ಷಣವೇ ಬೇರೆ: ಪತ್ರ ಬರೆಯುವಾಗ, ಸಿನಿಮಾ ನೋಡುವಾಗ ಏನೂ ಆಗುವುದಿಲ್ಲ. ಆಟ ಶುರುವಾಗಿ ಕಾರ್ಡಿಗೆ ನಿಜವಾದ ಕೆಲಸ ಬಿದ್ದೊಡನೆ ಯಂತ್ರ ಸದ್ದಿಲ್ಲದೆ ಆರಿ ಮತ್ತೆ ಶುರುವಾಗುತ್ತದೆ. ಬೈಗುಳ ಕಾರ್ಡಿಗೆ ಬೀಳುತ್ತದೆ, ತಪ್ಪು ಮೂಲೆಯಲ್ಲಿ ಧೂಳು ತಿನ್ನುತ್ತ ಕೂತ ಪವರ್ ಸಪ್ಲೈಯದು.

2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಇನ್ನೊಂದು ಪಿಡುಗೂ ಸೇರಿಕೊಂಡಿತ್ತು. ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳು ಕೆಲವೇ ವರ್ಷಕ್ಕೆ ಉಬ್ಬಿ, ತಲೆ ಬಿರಿದು ಸೋರುತ್ತಿದ್ದವು. ಹಳೆಯ ಕಾರ್ಡಿನ ಸಣ್ಣ ಹೊರೆಯನ್ನು ಹೇಗೋ ಹೊರುತ್ತಿದ್ದ ಬೋರ್ಡ್ ಹೊಸ ಕಾರ್ಡಿನ ಭಾರಕ್ಕೆ ಕುಸಿಯುತ್ತಿತ್ತು.

ಎಲ್ಲರಿಗೂ ಗೊತ್ತಿರುವ ಒಂದು ಭಾಷೆ

ಇಷ್ಟೆಲ್ಲ ಜಗಳದ ನಡುವೆ ಎಲ್ಲ ಕಾರ್ಡುಗಳೂ ಒಪ್ಪಿಕೊಂಡ ಒಂದು ಸಾಮಾನ್ಯ ಭಾಷೆ ಹುಟ್ಟಿದ್ದು 1987ರಲ್ಲಿ. ಐಬಿಎಂನ ವಿಜಿಎ, ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿ, 16 ಬಣ್ಣ. ವಿಂಡೋಸ್ 95ರ ಸೇಫ್ ಮೋಡ್ ಹಿಗ್ಗಿದ ಅಕ್ಷರ, ಮಂಕು ಬಣ್ಣಗಳಲ್ಲಿ ತೆರೆದುಕೊಳ್ಳುತ್ತಿದ್ದುದು ಈ ಭಾಷೆಯಲ್ಲಿ. ಆ ಕುರೂಪಿ ಪರದೆಯನ್ನು ಕಂಡು ಅನೇಕರು ಗಾಬರಿಯಾದರು. ಬಲ್ಲವರಿಗೆ ಅದು ಶುಭ ಶಕುನ. ಸ್ಲಾಟ್, ವೋಲ್ಟ್, ಬಯೋಸ್ ಎಲ್ಲವೂ ಸರಿಯಿವೆ, ತೊಡಕು ಡ್ರೈವರಿನಲ್ಲಿ ಮಾತ್ರ ಎಂದು ಅದು ಹೇಳುತ್ತಿತ್ತು. ಹಳೆಯ ಕಾರ್ಡಿನ ಡ್ರೈವರನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿದರೆ ಬಹುಮಟ್ಟಿಗೆ ಕೆಲಸ ಮುಗಿಯಿತು.

ಆ ಭಾಷೆಯೂ ಈಗ ಹಳತಾಗುತ್ತಿದೆ. ಬಯೋಸ್‌ನ ಜಾಗಕ್ಕೆ ಯುಇಎಫ್‌ಐ ಬಂತು, 2012ರ ವಿಂಡೋಸ್ 8ರ ನಂತರ ಮನೆಮನೆಗೆ ತಲುಪಿತು. ಕಾರ್ಡ್ ಏಳುವ ಹೊತ್ತಿಗೆ ಮಾತಾಡುವ ರೀತಿಯೇ ಬದಲಾಯಿತು. 2022ರಲ್ಲಿ ಬಂದ ಇಂಟೆಲ್‌ನ ಆರ್ಕ್ ಕಾರ್ಡುಗಳು ರೀಸೈಜಬಲ್ ಬಾರ್ ಎಂಬ ಸೌಲಭ್ಯವನ್ನು ನಿರೀಕ್ಷಿಸುತ್ತವೆ. ಅದಿಲ್ಲದ ಹಳೆಯ ಬೋರ್ಡಿನಲ್ಲಿ ಅವುಗಳ ಓಟ ಎದ್ದು ಕಾಣುವಷ್ಟು ಕುಂಠಿತವಾಗುತ್ತದೆ. ಅದೇ ವರ್ಷದ ಜನವರಿಯ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಹದಿನಾರು ಹಾದಿಗಳ ಸ್ಲಾಟಿನಲ್ಲಿ ಕೂತರೂ ಬಳಸುವುದು ನಾಲ್ಕನ್ನೇ. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಅದು ಸಾಕು. 3.0 ಬೋರ್ಡಿನಲ್ಲಿ ಪ್ರತಿ ಹಾದಿಯ ವೇಗವೂ ಅರ್ಧ. ಕಡಿಮೆ ಬೆಲೆಯ ಕಾರ್ಡ್, ಹಳೆಯ ಕಂಪ್ಯೂಟರಿನವರೇ ಹುಡುಕಿಕೊಂಡು ಬರುವಂಥದ್ದು, ಹಳೆಯ ಕಂಪ್ಯೂಟರಿನಲ್ಲೇ ಎಡವಿತು. ಇಲ್ಲಿ ಪರದೆ ಕಪ್ಪಾಗುವುದಿಲ್ಲ, ಆದ್ದರಿಂದ ತೊಂದರೆ ಇದೆ ಎಂದೇ ತಿಳಿಯುವುದಿಲ್ಲ.

ಬೀದಿಯ ವೈದ್ಯರು

ಭಾರತದ ಮನೆಗಳಿಗೆ ಈ ಇತಿಹಾಸ ತಲುಪಿದ್ದು ಕೆಲವು ಬೀದಿಗಳ ಮೂಲಕ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರೋಡ್. ಕಂಪನಿಯ ಹೆಸರಿನ ಕಂಪ್ಯೂಟರ್ ದುಬಾರಿಯಾಗಿದ್ದ ಕಾಲದಲ್ಲಿ ‘ಅಸೆಂಬಲ್ಡ್’ ಎಂಬ ಪದ ಇಂಥ ಬೀದಿಗಳಿಂದ ಮಧ್ಯಮ ವರ್ಗದ ಮನೆಗಳಿಗೆ ಬಂತು. ಈ ವರ್ಷ ಬೋರ್ಡು ಮತ್ತು ಪ್ರೊಸೆಸರ್, ಮುಂದಿನ ವರ್ಷ ಇನ್ನಷ್ಟು ರಾಮ್, ಮಗಳು ಎಂಜಿನಿಯರಿಂಗ್ ಸೇರಿದಾಗ ಗ್ರಾಫಿಕ್ಸ್ ಕಾರ್ಡ್. ಮನೆಗೆ ಕೋಣೆ ಸೇರಿಸಿದಂತೆ ಕಂಪ್ಯೂಟರನ್ನು ಬೆಳೆಸುವುದು ಸಾಧ್ಯವಾದದ್ದು 1981ರ ಆ ಸ್ಲಾಟಿನ ಕಲ್ಪನೆಯಿಂದ.

ಅಲ್ಲಿನ ರಿಪೇರಿಯ ಕ್ರಮವೂ ಈ ಕಾಯಿಲೆಯ ಸ್ವಭಾವಕ್ಕೆ ತಕ್ಕದ್ದು. ಚೆನ್ನಾಗಿದೆ ಎಂದು ಖಾತ್ರಿಯಿರುವ ಒಂದು ಕಾರ್ಡ್, ಒಂದು ಪವರ್ ಸಪ್ಲೈ, ಒಂದು ರಾಮ್ ಕಡ್ಡಿ ಪಕ್ಕದಲ್ಲಿಟ್ಟುಕೊಂಡು ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯದು. ದೋಷ ಒಂದು ವಸ್ತುವಿನೊಳಗೆ ಇಲ್ಲದೆ ಎರಡರ ನಡುವೆ ಇರುವಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಈ ಬಗೆಯ ಕಂಪ್ಯೂಟರಿಗೆ ಈಗ ಜಾಗ ಕಿರಿದಾಗುತ್ತಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ರಾಮ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ. 2020ರಿಂದ ಆಪಲ್ ತನ್ನ ಎಂ1 ಸಾಲಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ ಒಂದೇ ಚಿಪ್ಪಿನಲ್ಲಿಟ್ಟಿತು. ಅಲ್ಲಿ ಹೊಂದಾಣಿಕೆಯ ತಕರಾರೇ ಇಲ್ಲ, ಬದಲಿಸಲು ಏನೂ ಇಲ್ಲದ್ದರಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ವಿಂಡೋಸ್ 11ರ ಷರತ್ತುಗಳಿಗೆ ಹೊಂದದ, ಇನ್ನೂ ಓಡುತ್ತಿರುವ ಎಷ್ಟೋ ಯಂತ್ರಗಳು ‘ಹಳೆಯವು’ ಎನಿಸಿಕೊಂಡವು.

ಇಷ್ಟರ ನಡುವೆಯೂ ಒಂದು ಕರಾರು ಮುರಿದಿಲ್ಲ. 2004ರ ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೂ ಇಂದಿನ ಕಾರ್ಡಿನ ಅಂಚಿಗೂ ಅಳತೆ ಒಂದೇ. ಇಪ್ಪತ್ತು ವರ್ಷ ದಾಟಿದರೂ ತಯಾರಕರು ಅದನ್ನು ಬದಲಿಸಿಲ್ಲ, ಹೊಸ ಆವೃತ್ತಿ ಹಳೆಯದರ ವೇಗಕ್ಕೆ ಇಳಿದು ಮಾತಾಡಬೇಕೆಂಬ ನಿಯಮವನ್ನೂ ಕೈಬಿಟ್ಟಿಲ್ಲ. ವಿದ್ಯುತ್ತು, ಬಯೋಸ್, ಡ್ರೈವರ್ ಇವುಗಳಲ್ಲಿ ಎಲ್ಲೋ ಒಂದು ಕಡೆ ಮಾತು ತಪ್ಪಬಹುದು, ತಪ್ಪಿದ ಜಾಗವನ್ನು ಒಂದೊಂದಾಗಿ ಹುಡುಕಬೇಕಾಗಬಹುದು. ಹುಡುಕುವವರಿಗೆ ಬಿಚ್ಚಲು ಒಂದು ಸ್ಕ್ರೂ ಇನ್ನೂ ಉಳಿದಿದೆ.